ಏ.ಸಿ. ಹನಿನೀರು: ಜಮಾ ಆಗದ ಒಂದು ಬಾಬತ್ತು

ಮೇ ತಿಂಗಳ ಕೊನೆಯ ವಾರ, ಮುಂಗಾರಿಗೆ ಮುಂಚಿನ ಧಗೆಯ ಮಧ್ಯಾಹ್ನ, ಗೋಕಾಕ ಪೇಟೆಯಲ್ಲಿ ನಡೆದು ಹೋಗುವವರಿಗೆ ಒಂದು ನೋಟ ಹೊಸದೇನಲ್ಲ. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಬ್ಯಾಂಕು, ದವಾಖಾನೆ ಮುಂತಾದವುಗಳ ಮೇಲಂತಸ್ತಿನ ಗೋಡೆಯಿಂದ ಸಣ್ಣದೊಂದು ಪ್ಲಾಸ್ಟಿಕ್ ಕೊಳವೆ ಇಳಿಬಿದ್ದಿರುತ್ತದೆ. ಅದರ ತುದಿಯಿಂದ ಹವಾನಿಯಂತ್ರಣ ಯಂತ್ರದ ನೀರು ತೊಟ್ಟಿಕ್ಕುತ್ತ ಕೆಳಗಿನ ಅಂಗಡಿಯ ಫಲಕವನ್ನೋ, ದಾರಿಹೋಕರ ಹೆಗಲನ್ನೋ, ನಿಲ್ಲಿಸಿದ ಮೋಟಾರು ಸೈಕಲ್ಲಿನ ಸೀಟನ್ನೋ ತೋಯಿಸುತ್ತಿರುತ್ತದೆ. ಅಂತಹ ಕಟ್ಟಡಗಳ ಹಿಂಬದಿಯಲ್ಲೇ ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಟ್ಯಾಂಕರ್ ನೀರಿಗೆ ಹಣ ಎಣಿಸುವ ಪ್ರಸಂಗವೂ ಇರುತ್ತದೆ. ಮುಂಬಾಗಿಲಲ್ಲಿ ಚೆಲ್ಲುವ ನೀರಿಗೂ ಹಿಂಬಾಗಿಲಲ್ಲಿ ಕೊಳ್ಳುವ ನೀರಿಗೂ ನಡುವಿನ ಅಂತರ ಒಂದು ಕೊಳವೆ ಮತ್ತು ಒಂದು ಡ್ರಮ್ಮಿನಷ್ಟು ಮಾತ್ರ.

ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ವ್ಯಾಪಾರಿಯಾದವನು ಗಾದೆಯನ್ನು ನಂಬಿ ಬಂಡವಾಳ ಹೂಡುವುದಿಲ್ಲ; ಎಷ್ಟು ಹನಿ, ಎಷ್ಟು ದಿನ, ಕೂಡಿಸಲು ಖರ್ಚೆಷ್ಟು ಎಂದು ಕೇಳುತ್ತಾನೆ. ಏ.ಸಿ. ನೀರಿನ ಮರುಬಳಕೆಯ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಬಹಳಷ್ಟು ಉತ್ಸಾಹದ ಮಾತುಗಳು ಕೇಳಿಬರುತ್ತಿವೆ. ಉತ್ಸಾಹಕ್ಕೆ ಲೆಕ್ಕದ ಆಧಾರ ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ವರ್ತಕರು ಮತ್ತು ಸಣ್ಣ ಉದ್ಯಮಿಗಳ ಮಟ್ಟಿಗೆ ಈ ಲೆಕ್ಕ ಏನು ಹೇಳುತ್ತದೆ ಎಂಬುದನ್ನು ನೇರವಾಗಿ ನೋಡುವುದು ಒಳ್ಳೆಯದು.

ಜಲಪಾತದ ನೆರೆಯಲ್ಲಿ ನೀರಿನ ಚಿಂತೆ

ಈ ಭಾಗದ ಉದ್ಯಮದ ಚರಿತ್ರೆಯೇ ನೀರಿನಿಂದ ಆರಂಭವಾಗುತ್ತದೆ. ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ, 1885ರಲ್ಲಿ ಸ್ಥಾಪಿತವಾದ ಕಂಪನಿಯು ಬೀಳುವ ನೀರಿನ ಬಲದಿಂದಲೇ ನೂಲಿನ ಗಿರಣಿಯನ್ನು ನಡೆಸಿತು. ಕಲ್ಲಿದ್ದಲು ದೂರದಿಂದ ಬರಬೇಕಾಗಿದ್ದ ಕಾಲದಲ್ಲಿ, ನದಿಯು ತಾನಾಗಿ ಕೊಡುತ್ತಿದ್ದುದನ್ನು ಕಂಡು ಅದಕ್ಕೆ ಬೆಲೆ ಕಟ್ಟಿದವರ ದೂರದೃಷ್ಟಿ ಅದು. ಅನಂತರ 1897ರ ಧೂಪದಾಳ ಒಡ್ಡಿನಿಂದ ಎಡದಂಡೆಯ ಕಾಲುವೆಗೆ ನೀರು ಹರಿಯಿತು. ಸ್ವಾತಂತ್ರ್ಯಾನಂತರ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ನಿರ್ಮಾಣವಾಗಿ 51 ಟಿ.ಎಂ.ಸಿ. ನೀರನ್ನು ಹಿಡಿದಿಡುವ ಸಾಮರ್ಥ್ಯ ದೊರೆಯಿತು. ಕಬ್ಬು, ಸಕ್ಕರೆ, ನೂಲು, ಪೇಟೆಯ ವಹಿವಾಟು ಎಲ್ಲವೂ ಈ ಒಂದು ನದಿಯ ಸುತ್ತ ಬೆಳೆದವು.

ಆದರೂ ನದಿಯ ಪಕ್ಕದಲ್ಲಿರುವುದೆಂದರೆ ನೀರಿನ ಚಿಂತೆಯಿಲ್ಲದಿರುವುದೆಂದು ಅರ್ಥವಲ್ಲ. ಮಳೆಗಾಲದಲ್ಲಿ ಸಾವಿರಾರು ಜನ ನೋಡಲು ಬರುವ ಜಲಪಾತ ಬೇಸಿಗೆಯಲ್ಲಿ ಬರಿಯ ಬಂಡೆಯಾಗಿ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳ ಪ್ರವಾಹ ಗೋಕಾಕ ಪಟ್ಟಣದ ಮನೆ, ಅಂಗಡಿಗಳನ್ನು ಮುಳುಗಿಸಿತು. ನಾಲ್ಕೇ ವರ್ಷಗಳ ನಂತರ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಅತಿವೃಷ್ಟಿ, ಅನಾವೃಷ್ಟಿಗಳೆರಡನ್ನೂ ಅಲ್ಪಾವಧಿಯಲ್ಲಿ ಕಂಡ ಪ್ರದೇಶವಿದು.

ಬರ ಬಂದಾಗ ವ್ಯಾಪಾರೋದ್ಯಮದ ಸ್ಥಾನವೇನೆಂಬುದೂ ಸ್ಪಷ್ಟವಾಗಿದೆ. ಕುಡಿಯುವ ನೀರಿಗೆ ಮೊದಲ ಆದ್ಯತೆ. ಅದು ನ್ಯಾಯವೂ ಹೌದು. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರಗೊಂಡಾಗ ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ವಾಣಿಜ್ಯ ಸಂಸ್ಥೆಗಳು ನಲ್ಲಿಗಳಿಗೆ ನೀರು ಮಿತಗೊಳಿಸುವ ಉಪಕರಣ ಅಳವಡಿಸಬೇಕೆಂದು ಆಜ್ಞಾಪಿಸಿತು. ಇಂದು ರಾಜಧಾನಿಯಲ್ಲಿ ಆದದ್ದು ನಾಳೆ ತಾಲ್ಲೂಕು ಕೇಂದ್ರಗಳಲ್ಲಿ ಆಗಲಾರದೆಂದು ಹೇಳುವಂತಿಲ್ಲ. ಆ ದಿನ ಬಂದಾಗ ತನ್ನ ಅಂಗಡಿಗೆ ಅಥವಾ ಘಟಕಕ್ಕೆ ಯಾವ ಕೆಲಸಕ್ಕೆ ಎಷ್ಟು ನೀರು ಬೇಕು, ಅದರಲ್ಲಿ ಕುಡಿಯುವ ನೀರಲ್ಲದ ನೀರಿನಿಂದ ಎಷ್ಟು ಸಾಗಿಸಬಹುದು ಎಂದು ಬಲ್ಲ ವರ್ತಕನು ಕಡಿಮೆ ತೊಂದರೆಗೆ ಒಳಗಾಗುತ್ತಾನೆ. ಏ.ಸಿ. ಹನಿನೀರಿನ ವಿಷಯ ಮುಖ್ಯವಾಗುವುದು ಈ ಕಾರಣಕ್ಕೆ.

ಹನಿ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ

ಏ.ಸಿ. ಯಂತ್ರ ನೀರನ್ನು ತಯಾರಿಸುವುದಿಲ್ಲ. ಗಾಳಿಯಲ್ಲಿ ಅಡಗಿರುವ ನೀರನ್ನು ಹಿಂಡುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವಂತೆಯೇ, ಯಂತ್ರದ ಒಳಗಿನ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವಾಂಶ ಹನಿಗಟ್ಟುತ್ತದೆ. 30 ಡಿಗ್ರಿ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಗರಿಷ್ಠವೆಂದರೆ ಸುಮಾರು 30 ಗ್ರಾಂ ನೀರಿನ ಆವಿಯನ್ನು ಹೊರಬಲ್ಲುದು. ಅದೇ ಗಾಳಿ 15 ಡಿಗ್ರಿಗೆ ಇಳಿದರೆ ಹೊರಬಲ್ಲ ಪ್ರಮಾಣ ಸುಮಾರು 13 ಗ್ರಾಂ ಮಾತ್ರ. ಹೆಚ್ಚಾದುದು ಹನಿಯಾಗಿ ಇಳಿಯಲೇಬೇಕು.

ಅಂಗಡಿಗಳಲ್ಲಿ ಸಾಮಾನ್ಯವಾಗಿರುವ ಒಂದೂವರೆ ಟನ್ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ತಂಪುಗೊಳಿಸುವ ಸಾಮರ್ಥ್ಯ ಸುಮಾರು 5.3 ಕಿಲೋವ್ಯಾಟ್. ತೇವದ ದಿನಗಳಲ್ಲಿ ಅದರ ಕಾಲುಭಾಗ ತೇವಾಂಶವನ್ನು ನೀರಾಗಿಸುವುದಕ್ಕೇ ವ್ಯಯವಾದರೆ, ಯಂತ್ರ ಸತತವಾಗಿ ನಡೆದ ಪ್ರತಿ ಗಂಟೆಗೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ ನೀರು ಬರುತ್ತದೆ. ಆದರೆ ಕಂಪ್ರೆಸರ್ ಸತತವಾಗಿ ನಡೆಯುವುದಿಲ್ಲ. ಕೋಣೆ ತಣ್ಣಗಾದೊಡನೆ ನಿಲ್ಲುತ್ತದೆ ಅಥವಾ ನಿಧಾನಗೊಳ್ಳುತ್ತದೆ. ಆದ್ದರಿಂದ ಗಂಟೆಗೆ ಸರಾಸರಿ ಒಂದು ಲೀಟರ್ ಎಂದು ಹಿಡಿಯುವುದು ಜಾಣತನ. ಎಂಟು ಗಂಟೆ ಯಂತ್ರ ನಡೆಸುವ ಸಣ್ಣ ಅಂಗಡಿಗೆ ದಿನಕ್ಕೆ ಎಂಟು ಲೀಟರ್. ಹಳೆಯ ಮಾದರಿಯ ಶೌಚಾಲಯದ ತೊಟ್ಟಿ ಒಮ್ಮೆ ಖಾಲಿಯಾದರೆ ಮುಗಿದು ಹೋಗುವಷ್ಟು ನೀರು ಅದು.

ದೊಡ್ಡ ಮಳಿಗೆಗಳ ಲೆಕ್ಕ ಬೇರೆ. ಒಟ್ಟು ಹತ್ತು ಟನ್ ಸಾಮರ್ಥ್ಯದ ಯಂತ್ರಗಳಿರುವ ಬಟ್ಟೆ ಮಳಿಗೆ ಅಥವಾ ದವಾಖಾನೆ ದಿನಕ್ಕೆ 12 ಗಂಟೆ ನಡೆದು, ಸಾಮರ್ಥ್ಯದ ಐದನೆಯ ಒಂದು ಭಾಗ ತೇವ ಹಿಂಡುವುದಕ್ಕೆ ಹೋದರೆ, ಕಂಪ್ರೆಸರ್‌ನ ಬಿಡುವನ್ನು ಕಳೆದೂ ತೇವದ ದಿನಗಳಲ್ಲಿ 70 ಲೀಟರಿನ ಆಸುಪಾಸು ನೀರು ದೊರಕಬಹುದು. ಅದು ಎರಡು ಅಂತಸ್ತಿನ ಮಳಿಗೆಯ ನೆಲ ಒರೆಸಿ, ಗಾಜು ಒರೆಸಿ, ಮುಂಬದಿಯ ಕುಂಡಗಳಿಗೆ ಹಾಕಿಯೂ ಮಿಗುವ ನೀರು. ಹೀಗಾಗಿ ಇದು ಎಲ್ಲರಿಗೂ ಸಮನಾದ ಲಾಭದ ವಿಷಯವಲ್ಲ. ಒಂದೇ ಯಂತ್ರವಿರುವ ಅಂಗಡಿಗೆ ಅದು ಒಂದು ಬಕೆಟ್ಟಿನ ಮಾತು. ಹತ್ತಾರು ಯಂತ್ರಗಳಿರುವ ಕಟ್ಟಡಕ್ಕೆ ಅದು ಒಂದು ತೊಟ್ಟಿಯ ಮಾತು.

ಬೇಸಿಗೆಯ ವಿಪರ್ಯಾಸ

ಈ ಭಾಗಕ್ಕೆ ವಿಶೇಷವಾಗಿ ಅನ್ವಯಿಸುವ ಒಂದು ಅಂಶವನ್ನು ಉತ್ಸಾಹಿಗಳು ಮರೆಯುತ್ತಾರೆ. ಗೋಕಾಕ ಪ್ರದೇಶ ಮಂಗಳೂರಲ್ಲ, ಮುಂಬಯಿಯೂ ಅಲ್ಲ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಬಯಲು ಇದು. ಏಪ್ರಿಲ್ ತಿಂಗಳ ಮಧ್ಯಾಹ್ನ ಉಷ್ಣತೆ 38 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 20 ಎಂದು ಭಾವಿಸಿದರೆ, ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು 9 ಗ್ರಾಂ. 15 ಡಿಗ್ರಿಗೆ ತಣಿಸಿದ ಗಾಳಿ 13 ಗ್ರಾಂ ಹೊರಬಲ್ಲುದೆಂದು ಮೇಲೆ ಹೇಳಿದೆ. ಅಂದರೆ ಅಂತಹ ದಿನ ಹೊರಗಿನ ಗಾಳಿಯಿಂದ ಹನಿ ನೀರೂ ಬರುವುದಿಲ್ಲ. ಬರುವುದೇನಿದ್ದರೂ ಅಂಗಡಿಯ ಒಳಗಿರುವ ಜನರ ಉಸಿರು ಮತ್ತು ಬೆವರಿನಿಂದ. ಸುಮ್ಮನೆ ಕುಳಿತ ಒಬ್ಬ ವ್ಯಕ್ತಿ ಗಂಟೆಗೆ ಹಲವು ಹತ್ತು ಗ್ರಾಂ ತೇವವನ್ನು ಗಾಳಿಗೆ ಬಿಡುತ್ತಾನೆ. ಗಿರಾಕಿಗಳಿಂದ ತುಂಬಿದ ಮದುವೆ ಹಂಗಾಮಿನ ಬಟ್ಟೆ ಅಂಗಡಿಯಲ್ಲಿ ಒಂದಿಷ್ಟು ನೀರು ಬರಬಹುದು. ಜನರೇ ಇಲ್ಲದ ಎ.ಟಿ.ಎಂ. ಕೋಣೆಯಲ್ಲಿ ಯಂತ್ರ ಹಗಲಿರುಳು ನಡೆದರೂ ಕೊಳವೆ ಒಣಗಿರಬಹುದು.

ಜುಲೈ ತಿಂಗಳಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. 27 ಡಿಗ್ರಿ ಉಷ್ಣತೆ, ಶೇಕಡ 85 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 22 ಗ್ರಾಂ ನೀರಿರುತ್ತದೆ. 9 ಗ್ರಾಂ ಹನಿಯಾಗಿ ಇಳಿಯುತ್ತದೆ. ಆದರೆ ಆಗ ಹೊರಗೆ ಮಳೆ, ನದಿಯಲ್ಲಿ ಹೊನಲು; ಏ.ಸಿ. ನಡೆಯುವುದೂ ಕಡಿಮೆ. ನೀರು ಅತ್ಯಂತ ಬೇಕಾದಾಗ ಹನಿ ಕಡಿಮೆ, ನೀರು ಬೇಡವಾದಾಗ ಹನಿ ಹೆಚ್ಚು. ಇವೆರಡರ ನಡುವೆ ಮೇ ಮಧ್ಯಭಾಗದಿಂದ ಜೂನ್ ಮೊದಲ ವಾರಗಳವರೆಗೆ, ಅಡ್ಡಮಳೆಗಳಿಂದ ಗಾಳಿಯಲ್ಲಿ ತೇವ ಏರಿದ್ದು ಶೆಕೆಯೂ ತೀರದ ಅವಧಿಯಿದೆ. ಜಲಾಶಯದ ಮಟ್ಟ ತಳ ಕಂಡಿರುವ ಕಾಲವೂ ಅದೇ. ಈ ಭಾಗದಲ್ಲಿ ಹನಿನೀರು ನಿಜವಾಗಿ ಕೈಹಿಡಿಯುವುದು ಆ ನಾಲ್ಕೈದು ವಾರಗಳಲ್ಲಿ.

ಇದನ್ನು ಬಿಚ್ಚಿ ಹೇಳಲು ಕಾರಣವಿದೆ. ಕರಾವಳಿಯ ಅಂಕಿಗಳನ್ನು ತಂದು ಇಲ್ಲಿನ ವರ್ತಕರಿಗೆ ಆಸೆ ತೋರಿಸಿದರೆ, ಮೊದಲ ಏಪ್ರಿಲ್‌ನಲ್ಲೇ ಡ್ರಮ್ಮು ಖಾಲಿ ಕಂಡು ಅವರು ಕೊಳವೆಯನ್ನು ಕಿತ್ತೆಸೆಯುತ್ತಾರೆ. ಅನಂತರ ನೀರಿನ ಬಗ್ಗೆ ಯಾರು ಏನು ಹೇಳಿದರೂ ನಂಬುವುದಿಲ್ಲ.

ಪ್ರಮಾಣಕ್ಕಿಂತ ಗುಣ ಮುಖ್ಯ

ಪ್ರಮಾಣ ಅಲ್ಪವಾದರೂ ಹನಿನೀರಿಗೆ ಒಂದು ಗುಣವಿದೆ. ಅದರಲ್ಲಿ ಸುಣ್ಣ, ಲವಣಗಳ ಅಂಶ ಬಹುತೇಕ ಇರುವುದಿಲ್ಲ. ಕೊಳವೆ ಬಾವಿಯ ಗಡಸು ನೀರನ್ನು ಬಳಸುವವರಿಗೆ ಅದರ ತೊಂದರೆ ಗೊತ್ತು. ಗಾಜಿನ ಮೇಲೆ ಬಿಳಿಯ ಕಲೆ, ಕೂಲರ್‌ನ ಹುಲ್ಲಿನ ಪ್ಯಾಡುಗಳ ಮೇಲೆ ಗಟ್ಟಿ ಹರಳು, ಅಚ್ಚು ತಂಪುಗೊಳಿಸುವ ಕೊಳವೆಗಳಲ್ಲಿ ಕಟ್ಟುವ ಕಿಟ್ಟ, ಇವೆಲ್ಲ ಗಡಸು ನೀರಿನ ಕೊಡುಗೆ. ಪ್ಲಾಸ್ಟಿಕ್ ಅಚ್ಚಿನ ಘಟಕವಿರಲಿ, ಮುದ್ರಣಾಲಯವಿರಲಿ, ಮೃದು ನೀರಿಗೆ ಬೇರೆಯೇ ಬೆಲೆಯಿದೆ. ತೊಟ್ಟಿಯಲ್ಲಿ ಗಡಸು ನೀರಿಗೆ ಹನಿನೀರನ್ನು ಬೆರೆಸಿದರೆ ಕಿಟ್ಟದ ಪ್ರಮಾಣ ಆ ಅನುಪಾತದಲ್ಲಿ ಇಳಿಯುತ್ತದೆ. ಕೂಲಿಂಗ್ ಟವರ್ ಉಳ್ಳ ದೊಡ್ಡ ದವಾಖಾನೆ, ಸಭಾಭವನಗಳಲ್ಲಿ ಆವಿಯಾಗಿ ಹೋದ ನೀರನ್ನು ತುಂಬಲು ಇದು ಅತ್ಯಂತ ತಕ್ಕ ನೀರು. ತಣ್ಣಗೂ ಇರುತ್ತದೆ, ಮೆದುವಾಗಿಯೂ ಇರುತ್ತದೆ. ಬೆಲೆ ಕಟ್ಟುವಾಗ ಟ್ಯಾಂಕರ್ ನೀರಿಗೆ ಹೋಲಿಸದೆ ಮೃದುಗೊಳಿಸಿದ ನೀರಿಗೆ ಹೋಲಿಸಿದರೆ ಲೆಕ್ಕ ಬೇರೆಯಾಗಿ ಕಾಣುತ್ತದೆ.

ಇಲ್ಲಿಯೇ ಎಚ್ಚರಿಕೆಯ ಮಾತೂ ಅವಶ್ಯ. ಕಾಣಲು ಸ್ವಚ್ಛವಾಗಿರುವ ಈ ನೀರು ಕುಡಿಯಲು ಸರ್ವಥಾ ಯೋಗ್ಯವಲ್ಲ. ತಾಮ್ರ, ಅಲ್ಯೂಮಿನಿಯಂ ಸುರುಳಿಗಳ ಮೇಲೆ ಹರಿದು, ಧೂಳು ಮತ್ತು ಲೋಳೆ ಕಟ್ಟಿದ ತಟ್ಟೆಯಲ್ಲಿ ನಿಂತು ಬರುವ ನೀರಿನಲ್ಲಿ ಲೋಹದ ಅಂಶವೂ ಸೂಕ್ಷ್ಮಾಣುಗಳೂ ಇರಬಹುದು. ಗೋಕಾಕದ ಹೆಸರನ್ನು ದೂರದೂರುಗಳಿಗೆ ಒಯ್ದಿರುವ ಕರದಂಟಿನ ತಯಾರಕರು, ಬೇಕರಿ ಮತ್ತು ಖಾನಾವಳಿಯವರು ಇದನ್ನು ಪಾಕಕ್ಕೆ ಮಾತ್ರವಲ್ಲ, ಪಾತ್ರೆ ತೊಳೆಯಲೂ ಬಳಸಕೂಡದು. ಆಹಾರ ಸುರಕ್ಷತಾ ನಿಯಮಗಳು ಅಂತಹ ಘಟಕಗಳಲ್ಲಿ ಕುಡಿಯಲು ಯೋಗ್ಯವಾದ ನೀರನ್ನೇ ಕಡ್ಡಾಯಗೊಳಿಸಿವೆ. ಹೊರ ಅಂಗಳ ತೊಳೆಯಲು, ಶೌಚಾಲಯಕ್ಕೆ ಸುರಿಯಲು ಅಡ್ಡಿಯಿಲ್ಲ.

ಇನ್ವರ್ಟರ್ ಬ್ಯಾಟರಿಗೆ ಏ.ಸಿ. ನೀರನ್ನು ಸುರಿಯುವ ರೂಢಿ ಅನೇಕ ಅಂಗಡಿಗಳಲ್ಲಿದೆ. ಭಟ್ಟಿ ಇಳಿಸಿದ ನೀರಿಗೂ ಇದಕ್ಕೂ ವ್ಯತ್ಯಾಸವಿಲ್ಲವೆಂಬ ತಿಳಿವಳಿಕೆ ಅದಕ್ಕೆ ಕಾರಣ. ವ್ಯತ್ಯಾಸವಿದೆ. ಬ್ಯಾಟರಿ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 1069 ಎಂಬ ಪ್ರತ್ಯೇಕ ಮಾನಕವೇ ಇದೆ. ಲೋಹದ ಸೂಕ್ಷ್ಮ ಅಂಶಗಳು ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸಬಲ್ಲವು. ಕೆಲವು ರೂಪಾಯಿಗಳ ನೀರನ್ನು ಉಳಿಸಲು ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಪಣಕ್ಕಿಡುವುದು ವ್ಯಾಪಾರವಲ್ಲ. ಹಬೆ ಇಸ್ತ್ರಿ ಮುಂತಾದ ಉಪಕರಣಗಳಿಗೆ ಬಳಸುವ ಮುನ್ನವೂ ತಯಾರಕರ ಕೈಪಿಡಿಯನ್ನು ನೋಡಬೇಕು. ಬರಿಯ ಹನಿನೀರು ಲೋಹವನ್ನು ತಿನ್ನುವ ಸ್ವಭಾವದ್ದಾದ್ದರಿಂದ ಕಬ್ಬಿಣದ ತೊಟ್ಟಿಗಿಂತ ಪ್ಲಾಸ್ಟಿಕ್ ಡ್ರಮ್ಮು ಲೇಸು.

ಇನ್ನೊಂದು ಅಪಾಯ ಸೊಳ್ಳೆ. ಡೆಂಗಿ ಹರಡುವ ಸೊಳ್ಳೆ ಇಂತಹ ಸ್ವಚ್ಛ, ನಿಂತ ನೀರನ್ನೇ ಹುಡುಕುತ್ತದೆ. ಮುಚ್ಚಳವಿಲ್ಲದ ಡ್ರಮ್ಮು ಇಟ್ಟು ನೀರುಳಿಸುವುದಕ್ಕಿಂತ ಚರಂಡಿಗೆ ಬಿಡುವುದೇ ಮೇಲು. ಮುಚ್ಚಳ ಬಿಗಿಯಾಗಿರಬೇಕು, ಕೊಳವೆಯ ಬಾಯಿಗೆ ಜಾಳಿಗೆ ಇರಬೇಕು, ವಾರಕ್ಕೊಮ್ಮೆ ಡ್ರಮ್ಮು ಪೂರ್ತಿ ಬರಿದಾಗಬೇಕು. ಈ ಮೂರು ಷರತ್ತುಗಳನ್ನು ಪಾಲಿಸಲಾರದವರು ಈ ಕೆಲಸಕ್ಕೆ ಕೈಹಾಕದಿರುವುದು ಒಳಿತು.

ದೊಡ್ಡ ಕಾರ್ಖಾನೆಗಳಿಂದ ಕಲಿಯತಕ್ಕದ್ದು

ಆವಿಯಿಂದ ಇಳಿದ ನೀರನ್ನು ಮತ್ತೆ ಬಳಸುವ ವಿದ್ಯೆ ಈ ತಾಲ್ಲೂಕುಗಳಿಗೆ ಹೊಸದಲ್ಲ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಸೇರಿದಂತೆ ಈ ಭಾಗ ಸಕ್ಕರೆ ಉದ್ಯಮದ ನೆಲೆ. ಕಬ್ಬಿನ ತೂಕದಲ್ಲಿ ಸುಮಾರು ಶೇಕಡ 70ರಷ್ಟು ನೀರೇ ಇರುತ್ತದೆ. ದಿನಕ್ಕೆ 5,000 ಟನ್ ಕಬ್ಬು ಅರೆಯುವ ಕಾರ್ಖಾನೆಯೊಳಕ್ಕೆ ಕಬ್ಬಿನೊಡನೆ ಸುಮಾರು 3,500 ಟನ್, ಎಂದರೆ 35 ಲಕ್ಷ ಲೀಟರ್ ನೀರು ಗಾಡಿಗಳಲ್ಲಿ ಬಂದಿರುತ್ತದೆ. ಅದರಲ್ಲಿ ಒಂದು ಪಾಲು ಕಬ್ಬಿನ ಸಿಪ್ಪೆಯೊಡನೆ ಹೋದರೂ ಮಿಕ್ಕದ್ದರ ಬಹುಪಾಲು ರಸವನ್ನು ಕಾಯಿಸುವಾಗ ಆವಿಯಾಗುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಮೊದಲ ಹಂತದ ಶುದ್ಧ ಇಳಿನೀರನ್ನು ಬಾಯ್ಲರಿಗೂ, ಮುಂದಿನ ಹಂತಗಳ ನೀರನ್ನು ಕಬ್ಬಿನ ಸಿಪ್ಪೆಯ ಮೇಲೆ ಸಿಂಪಡಿಸಿ ಉಳಿದ ರಸ ತೆಗೆಯಲೂ ಬಳಸುವುದು ವಾಡಿಕೆ. 2016ರಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ಹೊರಬಿಡುವ ತ್ಯಾಜ್ಯ ನೀರಿಗೆ ಪ್ರತಿ ಟನ್ ಕಬ್ಬಿಗೆ 200 ಲೀಟರಿನ ಮಿತಿ ಹಾಕಿದ ಮೇಲೆ ಈ ಲೆಕ್ಕ ಇನ್ನೂ ಬಿಗಿಯಾಯಿತು.

ನೂಲಿನ ಗಿರಣಿಗಳ ವಿಷಯ ಇದಕ್ಕೆ ತದ್ವಿರುದ್ಧ. ಗಾಳಿ ಒಣಗಿದರೆ ಹತ್ತಿಯ ಎಳೆ ಕಡಿಯುತ್ತದೆ. ಆದ್ದರಿಂದ ನೂಲುವ ವಿಭಾಗದಲ್ಲಿ ನೀರು ಸಿಂಪಡಿಸಿ ಗಾಳಿಯನ್ನು ತೇವಗೊಳಿಸಲಾಗುತ್ತದೆ. ಗಿರಣಿ ಗಾಳಿಗೆ ನೀರು ಕೊಡುತ್ತದೆ, ಪೇಟೆಯ ಏ.ಸಿ. ಗಾಳಿಯಿಂದ ನೀರು ಹಿಂಡುತ್ತದೆ. ಗಿರಣಿಯಲ್ಲಾಗಲಿ ಸಕ್ಕರೆ ಕಾರ್ಖಾನೆಯಲ್ಲಾಗಲಿ ಗಾಳಿಯ ತೇವ, ಆವಿಯ ನೀರು ಎಂಬುವು ಲೆಕ್ಕದ ಪುಸ್ತಕದಲ್ಲಿ ಬರೆಯುವ ಬಾಬತ್ತುಗಳು. ಪೇಟೆಯ ಅಂಗಡಿಯಲ್ಲಿ ಮಾತ್ರ ಅದಕ್ಕೆ ಖಾತೆಯಿಲ್ಲ.

ಹೊರದೇಶಗಳಲ್ಲಿಯೂ ಇದು ಲೆಕ್ಕದ ವಿಷಯವಾಗಿಯೇ ಬೆಳೆದಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರವು 2006ರಿಂದ, ಹೊಸ ವಾಣಿಜ್ಯ ಕಟ್ಟಡಗಳು ಏ.ಸಿ. ನೀರನ್ನು ಒಂದೆಡೆ ಸಂಗ್ರಹಿಸಲು ಅನುಕೂಲವಾಗುವಂತೆ ಕೊಳವೆ ವ್ಯವಸ್ಥೆ ಹೊಂದಿರಬೇಕೆಂದು ವಿಧಿಸಿತು. ದುಬೈನ ಬುರ್ಜ್ ಖಲೀಫಾ ಕಟ್ಟಡದಲ್ಲಿ ಹೀಗೆ ಕೂಡಿದ ನೀರು ಸುತ್ತಲಿನ ಉದ್ಯಾನಕ್ಕೆ ಹೋಗುತ್ತದೆ. ಇನ್ನು ಕ್ಯಾರವಾನ್ ಎಂಬ ಮನೆಗಾಡಿಗಳಲ್ಲಿ ಊರೂರು ಸುತ್ತುವ ಪಾಶ್ಚಾತ್ಯ ಪ್ರವಾಸಿಗರಲ್ಲಿಯೂ ಗಾಡಿಯ ಏ.ಸಿ. ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕಾಲು ತೊಳೆಯಲು, ಶೌಚಕ್ಕೆ ಬಳಸುವವರಿದ್ದಾರೆ. ಅವರು ಬಡವರಲ್ಲ. ಗಾಡಿಯ ತೊಟ್ಟಿಯಲ್ಲಿರುವುದು ಒಂದೆರಡು ನೂರು ಲೀಟರ್ ಮಾತ್ರ, ಅದು ಮುಗಿದರೆ ಬೀಡನ್ನೇ ಕೀಳಬೇಕು ಎಂಬುದು ಅವರ ಕಣ್ಣೆದುರಿಗಿರುತ್ತದೆ. ತೊಟ್ಟಿಯ ತಳ ಕಾಣುವವನು ಹನಿಯನ್ನು ಎಣಿಸುತ್ತಾನೆ. ಪಟ್ಟಣದವನಿಗೆ ತಳ ಕಾಣುವುದಿಲ್ಲ. ಹಿಡಕಲ್ ಜಲಾಶಯ ಅವನ ಕಣ್ಣಿಗೆ ಮರೆ.

ಆಕ್ಷೇಪಣೆಗಳಿಗೆ ಉತ್ತರ

ಮಳೆಯ ನೀರನ್ನು ಬಿಟ್ಟು ಹನಿನೀರಿನ ಬೆನ್ನು ಹತ್ತುವುದೇಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ನೂರು ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದು ಅದರ ಐದರಲ್ಲಿ ನಾಲ್ಕು ಪಾಲು ಕೈಗೆ ದಕ್ಕಿದರೂ 40,000 ಲೀಟರ್ ಆಗುತ್ತದೆ. ದಿನಕ್ಕೆ ಎಂಟು ಲೀಟರಿನಂತೆ ವರ್ಷದ 200 ದಿನ ಏ.ಸಿ. ನೀರು ಹಿಡಿದರೆ 1,600 ಲೀಟರ್. ಯಾವುದು ಮೊದಲು ಎಂಬುದರಲ್ಲಿ ಸಂದೇಹವೇ ಇಲ್ಲ. ಮಳೆನೀರಿನ ತೊಟ್ಟಿ ಇಲ್ಲದವರು ಮೊದಲು ಅದನ್ನು ಮಾಡಬೇಕು. ಆದರೆ ತೊಟ್ಟಿಯೊಂದು ಇದ್ದ ಮೇಲೆ ಏ.ಸಿ. ಕೊಳವೆಯನ್ನು ಅದೇ ತೊಟ್ಟಿಗೆ ತಿರುಗಿಸಲು ತಗಲುವ ಖರ್ಚು ಕೆಲವು ಅಡಿ ಪಿ.ವಿ.ಸಿ. ಪೈಪಿನದು ಮಾತ್ರ. ಆ ತೊಟ್ಟಿಯ ನೀರು ಕುಡಿಯುವ ಬಳಕೆಗೆ ಇರಬಾರದೆಂಬುದೊಂದೇ ನಿಬಂಧನೆ.

ವಿದ್ಯುತ್ತಿನ ಪ್ರಶ್ನೆಯೂ ಇದೆ. ಒಂದೂವರೆ ಟನ್ ಯಂತ್ರದ ಕಂಪ್ರೆಸರ್ ನಡೆದ ಒಂದು ಗಂಟೆಗೆ ಸ್ಥೂಲವಾಗಿ ಒಂದೂವರೆ ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಅಷ್ಟು ಹೊತ್ತಿಗೆ ದೊರೆಯುವ ನೀರು ಒಂದೂವರೆ, ಹೆಚ್ಚೆಂದರೆ ಎರಡು ಲೀಟರ್. ಲೀಟರಿಗೆ ಹತ್ತಿರ ಹತ್ತಿರ ಒಂದು ಯೂನಿಟ್ ಬಿದ್ದಂತಾಯಿತು. ನೀರಿಗಾಗಿ ಏ.ಸಿ. ನಡೆಸುವಷ್ಟು ದುಬಾರಿಯಾದ ಮೂರ್ಖತನ ಇನ್ನೊಂದಿಲ್ಲ. 2020ರ ಜನವರಿ 1ರಿಂದ ಕೊಠಡಿ ಏ.ಸಿ.ಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಮಾರುಕಟ್ಟೆಗೆ ಬರಬೇಕೆಂದು ನಿಯಮವಾಗಿದೆ. ಅದನ್ನು 18ಕ್ಕೆ ಇಳಿಸಿ ಹೆಚ್ಚು ನೀರು ಬಂತೆಂದು ಸಂತೋಷಪಡುವವನು ಒಂದು ರೂಪಾಯಿ ಹೆಕ್ಕಲು ಹತ್ತು ರೂಪಾಯಿ ಬೀಳಿಸಿದಂತೆ. ಒಣ ಏಪ್ರಿಲ್‌ನಲ್ಲಿ ಅನೇಕ ಗೋದಾಮು, ಕಾರ್ಯಾಗಾರಗಳಿಗೆ ಏ.ಸಿ.ಗಿಂತ ಕೂಲರೇ ಸಾಕು. ವಿದ್ಯುತ್ ಖರ್ಚೂ ಬಹಳ ಕಡಿಮೆ. ಹನಿನೀರು ಉಪಉತ್ಪನ್ನ, ಉತ್ಪನ್ನವಲ್ಲ. ಬೆಲ್ಲದ ಗಾಣದವನು ಸಿಪ್ಪೆಯನ್ನು ಉರುವಲಾಗಿ ಬಳಸುತ್ತಾನೆ. ಸಿಪ್ಪೆಗಾಗಿ ಕಬ್ಬು ಅರೆಯುವುದಿಲ್ಲ.

ಇಷ್ಟು ಅಲ್ಪ ವಿಷಯಕ್ಕೆ ಇಷ್ಟು ಚರ್ಚೆಯೇ ಎಂಬ ಕೊನೆಯ ಆಕ್ಷೇಪಣೆಗೆ ಉತ್ತರ ಬೇರೆ ರೀತಿಯದು. ಈ ಹನಿಗಳಿಂದ ಪಟ್ಟಣದ ನೀರಿನ ಕೊರತೆ ನೀಗುವುದಿಲ್ಲ, ನಿಜ. ಆದರೆ ಒಂದು ಕ್ಯಾನು ಇಟ್ಟು ಹನಿಯನ್ನು ಅಳೆಯಲು ತೊಡಗಿದ ವರ್ತಕನು, ನೆಲ ಒರೆಸಲು ಎಷ್ಟು ನೀರು ಹೋಗುತ್ತಿದೆ, ಸೋರುವ ನಲ್ಲಿಯಿಂದ ಎಷ್ಟು ಹೋಗುತ್ತಿದೆ ಎಂದೂ ಅಳೆಯುತ್ತಾನೆ. ಏ.ಸಿ. ಕೊಳವೆಗಿಂತ ಸೋರುವ ನಲ್ಲಿಯೇ ಹೆಚ್ಚು ನೀರು ಚೆಲ್ಲುತ್ತಿದೆಯೆಂದು ಅನೇಕರಿಗೆ ಆಗ ತಿಳಿದುಬಂದರೆ ಆಶ್ಚರ್ಯವಿಲ್ಲ. ಅಂಗಡಿಯ ನೀರಿಗೂ ಒಂದು ಕೀರ್ದಿ ಪುಸ್ತಕ ಆರಂಭವಾಗುವುದೇ ಈ ಪ್ರಯತ್ನದ ದೊಡ್ಡ ಲಾಭ.

ಮಾಡಬೇಕಾದದ್ದು

ವಾಣಿಜ್ಯ ಸಂಸ್ಥೆಗಳು ಈ ವಿಷಯದಲ್ಲಿ ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಅವುಗಳಿಗೆ ಸರ್ಕಾರದ ಅನುದಾನವೂ ಬೇಕಿಲ್ಲ, ದೊಡ್ಡ ಬಂಡವಾಳವೂ ಬೇಕಿಲ್ಲ.

ಮೊದಲನೆಯದು ಅಳತೆ. ಬಟ್ಟೆ ಅಂಗಡಿ, ಬ್ಯಾಂಕು, ದವಾಖಾನೆ, ಮುದ್ರಣಾಲಯ, ಸಣ್ಣ ಕೈಗಾರಿಕೆ ಹೀಗೆ ಬೇರೆ ಬೇರೆ ಬಗೆಯ ಹತ್ತಿಪ್ಪತ್ತು ಸದಸ್ಯರು ಏಪ್ರಿಲ್, ಮೇ ಅಂತ್ಯ, ಜುಲೈ, ಅಕ್ಟೋಬರ್ ಈ ನಾಲ್ಕು ಅವಧಿಗಳಲ್ಲಿ ತಲಾ ಒಂದು ವಾರ, 20 ಲೀಟರಿನ ಕ್ಯಾನಿನಲ್ಲಿ ನೀರು ಹಿಡಿದು ದಿನದ ಪ್ರಮಾಣವನ್ನು ಬರೆದಿಡಬೇಕು. ಒಂದು ವರ್ಷದಲ್ಲಿ ಈ ಭಾಗದ ಹವೆಗೆ ತಕ್ಕ ಸ್ವಂತ ಅಂಕಿಗಳು ಸಿದ್ಧವಾಗುತ್ತವೆ. ಮಂಗಳೂರಿನ ಅಥವಾ ಟೆಕ್ಸಾಸಿನ ಅಂಕಿಗಳನ್ನು ಎರವಲು ತರುವ ಅವಶ್ಯಕತೆ ಇರುವುದಿಲ್ಲ.

ಎರಡನೆಯದು ತಿಳಿವಳಿಕೆ. ಏ.ಸಿ. ಜೋಡಿಸುವ ಮೆಕ್ಯಾನಿಕ್ಕುಗಳು ಮತ್ತು ನಲ್ಲಿ ಕೆಲಸದವರನ್ನು ಒಂದು ದಿನ ಕರೆದು, ಕೊಳವೆಗೆ ತಕ್ಕ ಇಳಿಜಾರು, ಜಾಳಿಗೆ, ಮುಚ್ಚಿದ ಡ್ರಮ್ಮು, ಉಕ್ಕಿದ ನೀರು ಚರಂಡಿಗೆ ಹೋಗುವ ದಾರಿ, ವಿದ್ಯುತ್ ಫಲಕಗಳಿಂದ ದೂರ, ಇವುಗಳ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಕೆಲಸ ಮಾಡುವವನ ಕೈಗೆ ರೂಢಿಯಾದರೆ ಮಾಲೀಕನಿಗೆ ಬೇರೆ ಉಪದೇಶ ಬೇಡ. ಯಂತ್ರ ಜೋಡಿಸುವ ದಿನವೇ ಕೊಳವೆಯನ್ನು ಸರಿಯಾದ ಕಡೆಗೆ ಇಳಿಸಿದರೆ ಹೆಚ್ಚುವರಿ ಖರ್ಚು ನಗಣ್ಯ; ಆಮೇಲೆ ಗೋಡೆ ಕೊರೆದು ತಿರುಗಿಸುವುದಾದರೆ ಅದೇ ಹೊರೆ.

ಮೂರನೆಯದು ಹೊಸ ಕಟ್ಟಡಗಳು. ಪಟ್ಟಣಗಳಲ್ಲಿ ಏಳುತ್ತಿರುವ ವಾಣಿಜ್ಯ ಸಂಕೀರ್ಣಗಳ ನಕಾಶೆಯಲ್ಲಿಯೇ ಎಲ್ಲ ಮಳಿಗೆಗಳ ಏ.ಸಿ. ನೀರಿಗೆ ಒಂದು ಸಾಮಾನ್ಯ ಇಳಿಕೊಳವೆ ಇರುವಂತೆ ಕಟ್ಟಡ ಕಟ್ಟುವವರನ್ನು ಒಪ್ಪಿಸಬೇಕು, ನಗರಸಭೆ ಮತ್ತು ಪುರಸಭೆಗಳಿಗೂ ಸಲಹೆ ನೀಡಬೇಕು. ಒಂದೊಂದು ಅಂಗಡಿಗೆ ಎಂಟು ಲೀಟರ್ ಅಲ್ಪವೆನಿಸಿದರೂ ಮೂವತ್ತು ಅಂಗಡಿಗಳ ಸಂಕೀರ್ಣಕ್ಕೆ ಅದು 240 ಲೀಟರ್. ಸಂಕೀರ್ಣದ ಸಾರ್ವಜನಿಕ ಶೌಚಾಲಯದ ಬೇಡಿಕೆಯಲ್ಲಿ ಒಂದು ಪಾಲು ಅದರಿಂದಲೇ ಪೂರೈಸುತ್ತದೆ. ದಾರಿಹೋಕರ ಮೇಲೆ ನೀರು ಸುರಿಯುವ ಪ್ರಮೇಯವೂ, ಅದಕ್ಕಾಗಿ ಮೇಲಂತಸ್ತಿನವರಿಗೂ ಕೆಳಗಿನವರಿಗೂ ಆಗುವ ಜಗಳವೂ ತಪ್ಪುತ್ತದೆ. ಕಡ್ಡಾಯದ ಆಜ್ಞೆ ಬರುವ ಮೊದಲೇ ವರ್ತಕರು ತಾವಾಗಿ ಮಾಡಿದ ಕ್ರಮಕ್ಕೆ ಬೆಲೆ ಹೆಚ್ಚು. ಮುಂದೆ ನೀರಿನ ಹಂಚಿಕೆಯ ಮಾತು ಬಂದಾಗ ಅಂಕಿಗಳನ್ನು ಕೈಯಲ್ಲಿ ಹಿಡಿದು ಮಾತನಾಡುವ ಅಧಿಕಾರವೂ ದೊರೆಯುತ್ತದೆ.

ನೂರಾ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಗೋಕಾಕ ಫಾಲ್ಸ್‌ನಲ್ಲಿ ನಿಂತವರ ಪೈಕಿ ಬಹಳ ಜನ ಬೀಳುವ ನೀರಿನ ಸೊಬಗನ್ನು ಕಂಡು ಹಿಂತಿರುಗಿದ್ದರು. ಕೆಲವರು ಮಾತ್ರ ಅದು ಎಷ್ಟು ಎತ್ತರದಿಂದ, ಎಷ್ಟು ಪ್ರಮಾಣದಲ್ಲಿ, ವರ್ಷದ ಎಷ್ಟು ತಿಂಗಳು ಬೀಳುತ್ತದೆಂದು ಲೆಕ್ಕ ಹಾಕಿದರು. ಈ ಭಾಗದ ಉದ್ಯಮ ಆರಂಭವಾದದ್ದು ಆ ಲೆಕ್ಕದಿಂದ. ಅಂಗಡಿಯ ಗೋಡೆಯಿಂದ ತೊಟ್ಟಿಕ್ಕುವ ನೀರು ಜಲಪಾತವಲ್ಲ, ಅದರಿಂದ ಗಿರಣಿ ತಿರುಗುವುದೂ ಇಲ್ಲ. ಆದರೂ ಕೇಳಬೇಕಾದ ಪ್ರಶ್ನೆಗಳು ಅವೇ. ಬರುವ ಮೇ ತಿಂಗಳಲ್ಲಿ ಪ್ರತಿಯೊಬ್ಬ ವರ್ತಕನೂ ಒಂದು ವಾರದ ಮಟ್ಟಿಗೆ ತನ್ನ ಏ.ಸಿ. ಕೊಳವೆಯ ಕೆಳಗೆ ಒಂದು ಕ್ಯಾನು ಇಟ್ಟು ನೋಡಲಿ. ನೀರು ಎಷ್ಟೇ ಬರಲಿ, ಅದನ್ನು ಅಂಗಡಿಯ ಪುಸ್ತಕದಲ್ಲಿ ಜಮಾ ಬರೆಯಲಿ. ಮುಂದಿನ ನಿರ್ಧಾರವನ್ನು ಆ ಅಂಕಿಯೇ ಹೇಳುತ್ತದೆ.